ದಣಿದವಳು ಸೋಮಾರಿಯೋ?

ಮೈಯಲ್ಲಿ ಕಸುವಿಲ್ಲದ ದಿವಸ ಮನೆಗೆಲಸವನ್ನು ಬಿಟ್ಟು ಮಲಗಿಕೊಳ್ಳುವದು ತಪ್ಪೋ, ತಪ್ಪಲ್ಲವೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವಾದದ್ದಾಗಿ ಕಾಣಬಹುದು. ಬರೆಯತಕ್ಕ ದೊಡ್ಡ ವಿಷಯಗಳು ಬೇಕಾದಷ್ಟು ಇರುವಾಗ ಕಸಮುಸುರೆಯ ವಿಷಯವಾಗಿ ಬರೆಯುವದೇತಕ್ಕೆ ಎಂದು ಕೆಲವರು ಕೇಳಾರು. ಆದರೆ ನಮ್ಮ ಊರುಗಳಲ್ಲಿ ಕೊಲೆ ಕಳವುಗಳ ಪ್ರಶ್ನೆಯು ಒಬ್ಬ ಮನುಷ್ಯನ ಜೀವಮಾನದಲ್ಲಿ ಒಂದೆರಡು ಸಾರಿ ಬಂದರೆ ಹೆಚ್ಚು. ಈ ಪ್ರಶ್ನೆಯಾದರೋ ದಿನಾಲು ಬೆಳಗಿನ ಐದು ಘಂಟೆಗೆ ಹಾಸಿಗೆಯಿಂದ ಏಳುವ ಮೊದಲೇ ಬಂದು ಕೂತಿರುತ್ತದೆ. ದಿನಾಲು ಬರುವ ಪ್ರಶ್ನೆಗೆ ದಿನಾಲು ತಪ್ಪು ಉತ್ತರ ಕೊಡುತ್ತಾ ಹೋದರೆ ಅದರಿಂದ ಆಗುವ ಕೇಡು ಸಣ್ಣದಲ್ಲ. ಆದಕಾರಣ ನಾವು ಇದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕೆಂದಿದ್ದೇವೆ.

ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ ಎಂಬೀ ನಾಲ್ಕು ಸ್ಥಳಗಳ ಸುತ್ತಲಿರುವ ಹಳ್ಳಿಗಳಲ್ಲಿ ಈ ಪ್ರಶ್ನೆಯು ಯಾವ ರೂಪದಲ್ಲಿ ಬರುತ್ತದೆಂಬದು ನಮ್ಮ ಓದುಗರಿಗೆ ಗೊತ್ತೇ ಇದೆ. ಸೊಸೆಯು, "ಅತ್ತೀ, ಇವತ್ತು ಕೈಕಾಲು ಬಿದ್ದುಹೋಗ್ಯಾವ, ಮೈಯಾಗ ಕಸುವೇ ಇಲ್ಲ" ಎನ್ನುವಳು. ಅತ್ತೆಯು, "ನಾವೇನು ಹಡೀಲಿಲ್ಲೇನವ್ವಾ? ನಾವೇನು ದುಡೀಲಿಲ್ಲೇನು? ನಮಗ ಇಂಥಾ ಸುಸ್ತು ಯಾವಾಗ ಬಂದಿತ್ತು?" ಎನ್ನುವಳು. ಗಂಡನು ಹೊಸ್ತಿಲಲ್ಲಿ ನಿಂತು ಏನೂ ಹೇಳುವದಿಲ್ಲ. ಸೊಸೆಯು ಎದ್ದು ಕಸಬರಿಗೆಯನ್ನು ಹಿಡಿಯುವಳು. ವಾದವು ಅಲ್ಲಿಗೆ ಮುಗಿಯಿತು.

ಇಷ್ಟರಿಂದಲೇ ಅತ್ತೆಯನ್ನು ಕ್ರೂರಳೆಂದು ಹೇಳುವದಕ್ಕೆ ನಾವು ಸಿದ್ಧರಿಲ್ಲ. ಆಕೆಯೂ ಒಂದು ಕಾಲದಲ್ಲಿ ಹೀಗೆಯೇ ಹೇಳಿದ್ದಳು, ಆಕೆಗೂ ಇದೇ ಉತ್ತರ ಸಿಕ್ಕಿತ್ತು. ನಮಗೆ ಸುಸ್ತು ಬಂದಿದ್ದಿಲ್ಲ ಎಂಬ ಆಕೆಯ ಮಾತು ಸುಳ್ಳೆಂದು ನಾವನ್ನುವದಿಲ್ಲ; ಆದರೆ ಅದು ಪೂರ್ತಿಯಾದ ಸಾಕ್ಷಿಯೂ ಅಲ್ಲ. ಯಾಕಂದರೆ ಕೇಳುವವರಿಲ್ಲದ ಸುಸ್ತು ಬಾಯಿಗೆ ಬರುವದಿಲ್ಲ, ಬಾಯಿಗೆ ಬಾರದ್ದು ನಾಲ್ವತ್ತು ವರುಷ ನೆನಪಿನಲ್ಲಿ ಉಳಿಯುವದಿಲ್ಲ. ಅಲ್ಲದೆ ಆ ದುಡಿತವನ್ನು ತಾಳಿಕೊಂಡು ಉಳಿದವಳು ಮಾತ್ರವೇ ಇಂದು ಮಾತಾಡುತ್ತಾಳೆ; ತಾಳಲಾರದೆ ಎರಡನೆಯ ಮೂರನೆಯ ಹೆರಿಗೆಯಲ್ಲಿಯೇ ತೀರಿಹೋದ ಆಕೆಯ ಓರಗೆಯವರು ಸಾಕ್ಷಿ ಹೇಳಲಿಕ್ಕೆ ಬರಲಾರರು.

ಮೊದಲು ಕೆಲಸದ ಲೆಕ್ಕವನ್ನು ನೋಡೋಣ. ಕೇಂದ್ರ ಸರಕಾರದ ಅಂಕಿಸಂಖ್ಯೆಯ ಇಲಾಖೆಯವರು 2019ರಲ್ಲಿ ದೇಶದ ಜನರು ದಿವಸದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡರು. ಸಂಬಳವಿಲ್ಲದ ಮನೆಗೆಲಸವನ್ನು ಮಾಡುವ ಹೆಂಗಸು ಅದಕ್ಕಾಗಿ ದಿನಕ್ಕೆ 299 ನಿಮಿಷ, ಅಂದರೆ ಹೆಚ್ಚು ಕಡಿಮೆ ಐದು ತಾಸು ಕಳೆಯುತ್ತಾಳೆಂದೂ, ಅಂಥಾ ಕೆಲಸಕ್ಕೆ ಕೈಹಾಕುವ ಗಂಡಸು 97 ನಿಮಿಷ ಕಳೆಯುತ್ತಾನೆಂದೂ ತಿಳಿದುಬಂತು. ಇದಕ್ಕಿಂತ ಹೆಚ್ಚು ಯೋಚಿಸತಕ್ಕದ್ದು ಇನ್ನೊಂದಿದೆ. ಮನೆಗೆಲಸಕ್ಕೆ ಕೈಹಾಕುವವರೇ 100 ಮಂದಿ ಹೆಂಗಸರಲ್ಲಿ 81 ಮಂದಿಯಾದರೆ, 100 ಮಂದಿ ಗಂಡಸರಲ್ಲಿ 26 ಮಂದಿ ಮಾತ್ರ. ಮಕ್ಕಳನ್ನೂ ಮುದುಕರನ್ನೂ ನೋಡಿಕೊಳ್ಳುವ ಹೊತ್ತು ಈ ಲೆಕ್ಕದೊಳಗೆ ಸೇರಿಲ್ಲ. ಹೊಲಗದ್ದೆಯ ಕೂಲಿಯಂತೂ ಸೇರಲೇ ಇಲ್ಲ.

ನಮ್ಮ ಸೀಮೆಯಲ್ಲಿ ಆ ಕೂಲಿ ಯಾವದು? ಹೊಸಪೇಟೆ ಕಂಪ್ಲಿಗಳ ಕಡೆಗೆ ಭತ್ತದ ನಾಟಿ, ಕಳೆ, ಕಬ್ಬು, ಬಾಳೆ. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ತುರ್ತು ಕಾಲುವೆ ಮೊದಲಾದವುಗಳು ಇಂದಿಗೂ ಹರಿಯುತ್ತವೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಸಿದ್ಧವಾದ ಮೇಲೆ ನೀರು ಇನ್ನೂ ದೂರದ ಹೊಲಗಳಿಗೆ ಹೋಯಿತು. ನೀರಿರುವಲ್ಲಿ ಬೆಳೆ ಉಂಟು, ಬೆಳೆ ಇರುವಲ್ಲಿ ಕೆಲಸ ಉಂಟು. ಕೆಸರಿನಲ್ಲಿ ಮೊಣಕಾಲ ತನಕ ನಿಂತು ಹೊತ್ತೇರುವ ಮೊದಲಿನಿಂದ ಹೊತ್ತಿಳಿಯುವ ತನಕ ಬಗ್ಗಿರುವ ಸೊಂಟಗಳು ಹೆಚ್ಚಾಗಿ ಹೆಂಗಸರವೇ. ಸಂಡೂರಿನ ಕಡೆ ಬೇರೆ ಕಷ್ಟ. ಅಲ್ಲಿ ಗುಡ್ಡಗಳಿಂದ ಅದಿರು ತುಂಬಿದ ಲಾರಿಗಳು ಹೋಗುವ ದಾರಿಯ ಎಡಬಲದ ಮನೆಗಳಲ್ಲಿ ಬೆಳಿಗ್ಗೆ ಗುಡಿಸಿದ ನೆಲದ ಮೇಲೆ ಮಧ್ಯಾಹ್ನಕ್ಕೆ ಕೆಂಪು ದೂಳು. ಒಗೆದು ಹರವಿದ ಬಟ್ಟೆಯನ್ನು ಆರುವ ಮೊದಲೇ ತಿರುಗಿ ಒಗೆಯಬೇಕು. ಕೊಡದ ಮೇಲೆ ಅರಿವೆ ಮುಚ್ಚಬೇಕು. ಗಣಿಯ ದೂಳಿನಿಂದ ರಸ್ತೆಗೂ ಬೆಳೆಗೂ ಆದ ನಷ್ಟವನ್ನು ಬಹಳ ಮಂದಿ ಬರೆದಿದ್ದಾರೆ. ಅದರಿಂದ ಹೆಂಗಸರ ಕಸಬರಿಗೆಗೆ ಬಿದ್ದ ಹೆಚ್ಚಿನ ಕೆಲಸವನ್ನು ಯಾರಾದರೂ ತೂಕ ಹಾಕಿದರೋ?

ಹಂಪೆಯಲ್ಲಿ ಅರಮನೆಯ ಆವರಣದೊಳಗೆ ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಕೂಡಿಸಿ ನೀರನ್ನು ಪುಷ್ಕರಣಿಗೆ ಹರಿಸಿದ ಚಮತ್ಕಾರವನ್ನು ನೋಡಲಿಕ್ಕೆ ದೇಶವಿದೇಶಗಳಿಂದ ಜನರು ಬರುತ್ತಾರೆ. ನೋಡತಕ್ಕದ್ದೇ. ಆದರೆ ಅದೇ ಪಟ್ಟಣದ ಸಾಮಾನ್ಯರ ಮನೆಗಳಿಗೆ ನೀರು ಯಾರ ಸೊಂಟದ ಮೇಲೆ ಬಂದಿರಬೇಕೆಂದು ಯೋಚಿಸುವವರು ಕಡಿಮೆ.

ಇನ್ನು ಮೈಯ ವಿಷಯ. ಸಂಡೂರಿನ ಗುಡ್ಡಗಳು ಕಬ್ಬಿಣದ ಗುಡ್ಡಗಳು. ದೋಣಿಮಲೆಯಲ್ಲಿ ಸರಕಾರದ ಗಣಿ ಇದೆ. ತೋರಣಗಲ್ಲಿನಲ್ಲಿ ಉಕ್ಕಿನ ದೊಡ್ಡ ಕಾರಖಾನೆ ಇದೆ. ಅಲ್ಲಿಯ ಮಣ್ಣಿನಲ್ಲಿ ಇಷ್ಟು ಕಬ್ಬಿಣವಿರುವಾಗ ಆ ಮಣ್ಣಿನ ಮೇಲೆ ನಡೆಯುವ ಹೆಂಗಸಿನ ರಕ್ತದಲ್ಲಿ ಕಬ್ಬಿಣವಿಲ್ಲವೆಂಬದು ಆಶ್ಚರ್ಯವಾದರೂ ನಿಜ. ಒಬ್ಬ ದೃಢಕಾಯಳಾದ ಸ್ತ್ರೀಯ ದೇಹದಲ್ಲಿ ಇರಬೇಕಾದ ಕಬ್ಬಿಣವೆಲ್ಲಾ ಕೂಡಿದರೆ ಸುಮಾರು 3 ಗ್ರಾಂ, ಅಂದರೆ ಒಂದು ಸಣ್ಣ ಮೊಳೆಯಷ್ಟು. ಆ ಮೊಳೆಯು ಸವೆದುಹೋದರೆ ರಕ್ತವು ಉಸಿರಿನ ಪ್ರಾಣವಾಯುವನ್ನು ಅಂಗಾಂಗಗಳಿಗೆ ಸಾಕಷ್ಟು ಒಯ್ಯಲಾರದು. ಆಗ ಹೃದಯವು ಇಬ್ಬರ ಕೆಲಸವನ್ನು ಒಬ್ಬನೇ ಮಾಡುವ ಆಳಿನ ಹಾಗೆ ಜೋರಾಗಿ ಬಡಿಯತೊಡಗುತ್ತದೆ. ಇದಕ್ಕೆ ರಕ್ತಹೀನತೆ ಎಂದು ಹೆಸರು. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಭಾರತದಲ್ಲೆಲ್ಲಾ 100ಕ್ಕೆ 57 ಮಂದಿಯೂ, ಕರ್ನಾಟಕದಲ್ಲಿ 100ಕ್ಕೆ ಸುಮಾರು 48 ಮಂದಿಯೂ ಈ ಸ್ಥಿತಿಯಲ್ಲಿರುವರೆಂದು ಕಂಡುಬಂತು. ಹೀಗಿರಲಾಗಿ ದೇವಾಲಯದಲ್ಲಿ ಚಾಪೆಯ ಮೇಲೆ ಕೂತಿರುವ ಹೆಂಗಸರ ಸಾಲನ್ನು ನೋಡಿರಿ: ಹೆಚ್ಚು ಕಡಿಮೆ ಒಬ್ಬಳು ಬಿಟ್ಟು ಒಬ್ಬಳ ರಕ್ತವು ತೆಳುವಾಗಿದೆ. ಅವಳಿಗೆ ನಾವು ಇಟ್ಟಿರುವ ಹೆಸರು ಮೈಗಳ್ಳಿ.

ಇದರ ಕಾರಣಗಳು ಗೂಢವಾದವುಗಳಲ್ಲ. ತಿಂಗಳು ತಿಂಗಳು ಹೋಗುವ ರಕ್ತ, ಅದು ಮಿತಿಮೀರಿ ಹೋದರೂ ನಾಚಿಕೆಯಿಂದ ಯಾರಿಗೂ ಹೇಳದಿರುವದು, ಒಂದರ ಬೆನ್ನಿಗೊಂದು ಹೆರಿಗೆ, ಹೆತ್ತ ಮೇಲೆ ಹಾಲೂಡುವದು. ಇವುಗಳ ಜೊತೆಗೆ ಕೊಕ್ಕೆಹುಳು. ಈ ಹುಳದ ಮರಿಗಳು ಮಲ ಬಿದ್ದ ಒದ್ದೆ ಮಣ್ಣಿನಲ್ಲಿದ್ದು ಬರಿಗಾಲಿನ ಚರ್ಮದ ಮೂಲಕವೇ ಒಳಗೆ ಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತವನ್ನು ಹೀರುತ್ತವೆ. ಬಯಲಿಗೆ ಹೋಗುವ ರೂಢಿಯು ಬಿಡದಿರುವ ಊರಿನಲ್ಲಿ ಗದ್ದೆಯ ಬದುವಿನ ಮೇಲೆ ಚಪ್ಪಲಿಯಿಲ್ಲದೆ ತಿರುಗುವವಳಿಗೆ ಇದು ಬರುವದು ಸುಲಭ. ಊಟದ ವಿಷಯದಲ್ಲಿಯೂ ನಾವು ಸ್ವಲ್ಪ ಹಿಂದಕ್ಕೆ ಹೋಗಿದ್ದೇವೆಂದು ಹೇಳಬೇಕು. ಬಿಳಿ ಅಕ್ಕಿಗಿಂತ ಸಜ್ಜೆ, ಜೋಳ, ರಾಗಿಗಳಲ್ಲಿ ಕಬ್ಬಿಣದ ಅಂಶವು ಎಷ್ಟೋ ಪಾಲು ಹೆಚ್ಚು. ಆದರೆ ಅನ್ನ ಉಣ್ಣುವದೇ ದೊಡ್ಡಸ್ತಿಕೆಯೆಂದು ಎಣಿಸಿ ಸಜ್ಜೆಯ ರೊಟ್ಟಿಯನ್ನು ಬಡವರ ಊಟವೆಂದು ಬಿಟ್ಟವರು ಬಹು ಮಂದಿ. ಊಟವಾದ ಕೂಡಲೆ ಕುಡಿಯುವ ಚಹವು ಉಂಡ ಅನ್ನದೊಳಗಿನ ಕಬ್ಬಿಣವನ್ನು ಮೈಗೆ ಹತ್ತಗೊಡುವದಿಲ್ಲ. ಒಂದು ತಾಸು ತಡೆದು ಕುಡಿದರೆ ಚಹವೂ ಸಿಕ್ಕೀತು, ಕಬ್ಬಿಣವೂ ಉಳಿದೀತು.

ಎಲ್ಲಾದಕ್ಕಿಂತ ಮುಖ್ಯವಾದ ಕಾರಣವೊಂದಿದೆ. ಅದನ್ನು ವೈದ್ಯರಿಗಿಂತ ಬೋಧಕರು ಹೇಳತಕ್ಕದ್ದು. ಅಡಿಗೆ ಮಾಡಿದವಳು ಕಡೆಗೆ ಉಣ್ಣುವಳು. ಗಂಡಸರು, ಮಕ್ಕಳು, ಬಂದ ಬೀಗರು ಎದ್ದ ಮೇಲೆ ಗಡಿಗೆಯ ತಳದಲ್ಲಿ ಉಳಿದದ್ದು ಅವಳ ಪಾಲು. ವರುಷಕ್ಕೆ ನಾಲ್ಕಾರು ಸಾರಿ ಮನೆಯಲ್ಲಿ ಮಾಂಸ ಬೇಯಿಸಿದಾಗ ಕುರಿಯ ಯಕೃತ್ತು ಯಾರ ತಟ್ಟೆಗೆ ಬೀಳುತ್ತದೆ? ಮನೆಯ ಅಳಿಯನಿಗೆ, ಇಲ್ಲವೆ ಮಗನಿಗೆ. ರಕ್ತಕ್ಕೆ ಅದರಷ್ಟು ಹಿತವಾದ ಊಟ ಇನ್ನೊಂದು ಸಿಕ್ಕುವದು ಅಪರೂಪ. ಅದರ ಅವಶ್ಯವು ಯಾರಿಗೆ ಹೆಚ್ಚಾಗಿದೆಯೋ ಅವಳು ಅದನ್ನು ಕಾಯಿಸಿ ಬಡಿಸಿ ಪಾತ್ರೆಯನ್ನು ತಿಕ್ಕುತ್ತಾಳೆ. ಇದನ್ನು ತ್ಯಾಗವೆಂದು ಹೊಗಳುವವರುಂಟು. ಒಬ್ಬರು ತಾವಾಗಿ ಕೊಟ್ಟರೆ ತ್ಯಾಗ. ಬೇಡವೆನ್ನುವ ಸ್ವಾತಂತ್ರ್ಯವಿಲ್ಲದವರಿಂದ ತೆಗೆದುಕೊಂಡದ್ದಕ್ಕೆ ಬೇರೆ ಹೆಸರಿದೆ.

ಈಗ ಮೊದಲಿನ ಪ್ರಶ್ನೆಗೆ ತಿರುಗೋಣ. ಸೋಮಾರಿತನವು ಪಾಪವೇ ಎಂಬದರಲ್ಲಿ ನಮಗೆ ಸಂದೇಹವಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ನಮ್ಮ ಹಿರಿಯರು ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಸೋಮಾರಿಯಾದವಳೂ ದಣಿದವಳೂ ಹೊರಗಿನಿಂದ ನೋಡುವವರಿಗೆ ಒಂದೇ ತರವಾಗಿ ಕಾಣುತ್ತಾರೆ, ಇಬ್ಬರೂ ಮಲಗಿರುತ್ತಾರೆ. ಒಳಗೆ ನೋಡಿದರೆ ಇವರಿಗೆ ಬಹಳ ವ್ಯತ್ಯಾಸವಿದೆ. ಸೋಮಾರಿಗೆ ಕೆಲಸವು ಮರೆತುಹೋಗಿರುತ್ತದೆ. ದಣಿದವಳಿಗೆ ಅದು ಮರೆಯುವದೇ ಇಲ್ಲ. ಮಲಗಿದಲ್ಲಿಂದಲೇ ಅವಳು ಮುಸುರೆಯ ಪಾತ್ರೆಗಳನ್ನು ಎಣಿಸುತ್ತಾಳೆ, ನೀರು ಬಿಡುವ ಹೊತ್ತಾಯಿತೆಂದು ಕಿವಿಗೊಡುತ್ತಾಳೆ, ಕೂಸು ಅತ್ತರೆ ಎಲ್ಲರಿಗಿಂತ ಮೊದಲು ಅವಳ ತಲೆ ಏಳುತ್ತದೆ. ಸೋಮಾರಿಗೆ ಇಷ್ಟವಾದ ಕೆಲಸಕ್ಕೆ ಎಲ್ಲಿಂದಲೋ ಬಲ ಬರುವದು. ದಣಿದವಳಿಗೆ ಜಾತ್ರೆಗೆ ಹೋಗುವದೂ ಭಾರವಾಗಿರುವದು. ಈ ಎರಡನೆಯ ಗುರುತು ಬಹಳ ಉಪಯೋಗವುಳ್ಳದ್ದು. ತನಗೆ ಪ್ರಿಯವಾದದ್ದನ್ನು ಸಹ ಬಿಟ್ಟುಬಿಟ್ಟವಳನ್ನು ಮೈಗಳ್ಳಿಯೆಂದು ಕರೆಯುವದು ಅನ್ಯಾಯ. ಸಂಡೂರಿನ ಲಂಬಾಣಿ ತಾಯಂದಿರು ಕಸೂತಿಯ ಕೆಲಸಕ್ಕೆ ಹೆಸರಾದವರು. ಅಂಥವಳೊಬ್ಬಳು ಸೂಜಿಯನ್ನು ಮುಟ್ಟದೆ ಒಂದು ವಾರ ಕೂತಳೆಂದರೆ ಬೈಯುವದಕ್ಕೆ ಮೊದಲು ಅವಳ ಕಣ್ಣಿನ ಕೆಳರೆಪ್ಪೆಯನ್ನು ಮಡಚಿ ನೋಡತಕ್ಕದ್ದು, ಕೆಂಪಾಗಿದೆಯೋ ಬಿಳಿಚಿದೆಯೋ ಎಂದು.

ಎಲೀಯನ ವೃತ್ತಾಂತವು ನಮ್ಮ ಸಭೆಗಳಲ್ಲಿ ಎಲ್ಲರಿಗೂ ಗೊತ್ತಿದೆ. ಅವನು ಜಾಲೀಗಿಡದ ಕೆಳಗೆ ಕೂತು ನನಗೆ ಬದುಕುವದೇ ಸಾಕಾಯಿತೆಂದು ಬೇಡಿಕೊಂಡನು. ಆಗ ಅವನಿಗೆ ಆದದ್ದೇನು? ಬೋಧನೆಯಾಗಲಿಲ್ಲ, ಗದರಿಕೆಯೂ ಆಗಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ತಂಬಿಗೆ ನೀರೂ ಅವನ ತಲೆಯ ಬಳಿಯಲ್ಲಿ ಇಡಲ್ಪಟ್ಟಿದ್ದವು. ತಿಂದು ತಿರುಗಿ ಮಲಗಿದನು. ಎರಡನೆಯ ಸಾರಿಯೂ ಎಬ್ಬಿಸಲ್ಪಟ್ಟು ತಿಂದನು. ಆ ಮೇಲೆಯೇ ದಾರಿಯ ಮಾತು. ಪ್ರವಾದಿಯ ನಿರಾಶೆಗೆ ಮೊದಲನೆಯ ಉತ್ತರವು ಊಟವೂ ನಿದ್ದೆಯೂ ಆಗಿದ್ದವೆಂಬದನ್ನು ನಾವು ಹಲವು ಪ್ರಸಂಗಗಳಲ್ಲಿ ಬೇಗನೆ ದಾಟಿ ಹೋಗುತ್ತೇವೆ. ಮಲಗಿರುವ ಸೊಸೆಯ ತಲೆಯ ಬಳಿಯಲ್ಲಿ ರೊಟ್ಟಿಯನ್ನು ಇಟ್ಟವರನ್ನು ಕೇಳಿದ್ದು ಕಡಿಮೆ.

ಆದರೂ ಒಂದು ಗಟ್ಟಿಯಾದ ಆಕ್ಷೇಪವು ಉಳಿಯುತ್ತದೆ. ವಿಶ್ರಾಂತಿಯು ನ್ಯಾಯವಾದದ್ದೇ ಸರಿ, ಆದರೆ ಹಸಿದ ಮಗುವು ನ್ಯಾಯಶಾಸ್ತ್ರವನ್ನು ಕೇಳುವದಿಲ್ಲ, ಎಮ್ಮೆಯು ಕಾಯುವದಿಲ್ಲ. ಅವಳು ಮಲಗಿದರೆ ಮನೆ ನಡೆಯುವದು ಹೇಗೆ? ಈ ಮಾತು ಸತ್ಯ. ಆದದರಿಂದ ಕೆಲಸ ಕೆಲಸಗಳಲ್ಲಿ ಭೇದ ಮಾಡಲಿಕ್ಕೆ ಕಲಿಯಬೇಕು. ಬಿಟ್ಟರೆ ಮತ್ತೊಬ್ಬರ ಪ್ರಾಣಕ್ಕೋ ಮೈಗೋ ಕೇಡಾಗುವ ಕೆಲಸ ಕೆಲವುಂಟು: ಕೂಸಿಗೆ ಉಣಿಸುವದು, ಕುಡಿಯುವ ನೀರನ್ನು ಶುದ್ಧವಾಗಿಡುವದು, ಮುದುಕರಿಗೆ ಔಷಧ ಕೊಡುವದು, ಕಟ್ಟಿದ ದನಕ್ಕೆ ಮೇವು ಹಾಕುವದು. ಬಿಟ್ಟರೆ ನಮ್ಮ ಹೆಸರಿಗೆ ಮಾತ್ರ ಕೇಡಾಗುವ ಕೆಲಸಗಳು ಅದಕ್ಕಿಂತ ಬಹಳ ಹೆಚ್ಚು: ಹಿತ್ತಾಳೆಯ ಕೊಡವು ಬಂಗಾರದಂತೆ ಥಳಥಳಿಸುವದು, ಎರಡು ಹೊತ್ತೂ ಬಿಸಿ ರೊಟ್ಟಿ ತಟ್ಟುವದು, ಪಕ್ಕದ ಮನೆಯವರಿಗಿಂತ ಮೊದಲೇ ಅಂಗಳ ಗುಡಿಸಿರುವದು. ಜೋಳದ ರೊಟ್ಟಿಯನ್ನು ಒಣಗಿಸಿ ಕಟಕು ಮಾಡಿಟ್ಟುಕೊಳ್ಳುವದು ನಮ್ಮ ಸೀಮೆಯವರಿಗೆ ಹೊಸದಲ್ಲ. ಮೈ ಗಟ್ಟಿಯಾಗಿರುವ ದಿವಸದಲ್ಲಿ ತಟ್ಟಿ ಇಟ್ಟದ್ದಕ್ಕೆ ಶೇಂಗಾದ ಹಿಂಡಿಯೋ ಅಗಸಿಯ ಹಿಂಡಿಯೋ ಸ್ವಲ್ಪ ಮೊಸರೋ ಇದ್ದರೆ ಬಲವಿಲ್ಲದ ದಿವಸದ ಊಟ ಮುಗಿಯಿತು. ಇಂಥಾ ಊಟವನ್ನು ಬಡಿಸುವದಕ್ಕೆ ನಾಚತಕ್ಕದ್ದೇನೂ ಇಲ್ಲ. ಮುಸುರೆಯನ್ನು ನೀರಿನಲ್ಲಿ ನೆನೆಹಾಕಿ ಸಾಯಂಕಾಲಕ್ಕೆ ಬಿಟ್ಟರೆ ತಿಕ್ಕುವದು ಅರ್ಧ ಸುಲಭ. ಕೂತು ಮಾಡಬಹುದಾದ ಕೆಲಸವನ್ನು ನಿಂತು ಮಾಡಬಾರದು. ಕಾಯಿಪಲ್ಯ ಹೆಚ್ಚುವದು, ಅಕ್ಕಿ ಆರಿಸುವದು, ಬಟ್ಟೆ ಮಡಚುವದು ಇವುಗಳಿಗೆ ಹತ್ತು ವರುಷದ ಹುಡುಗನ ಕೈ ಸಾಕು; ಹುಡುಗಿಯ ಕೈಯೇ ಬೇಕೆಂಬ ನೇಮವು ಎಲ್ಲಿಯೂ ಬರೆಯಲ್ಪಟ್ಟಿಲ್ಲ.

ಭಾನುವಾರದ ಮಾತನ್ನು ಇಲ್ಲಿ ಹೇಳದಿದ್ದರೆ ನಮ್ಮ ಬರವಣಿಗೆಗೆ ಅರ್ಥವಿಲ್ಲ. ವಿಶ್ರಾಂತಿದಿನದ ಕಟ್ಟಳೆಯಲ್ಲಿ ಮಗನೂ ಮಗಳೂ ಆಳೂ ದಾಸಿಯೂ ಎತ್ತೂ ಕತ್ತೆಯೂ ಊರಲ್ಲಿರುವ ಪರದೇಶಸ್ಥನೂ ಎಣಿಸಲ್ಪಟ್ಟಿದ್ದಾರೆ. ಎತ್ತಿನ ಹೆಗಲಿನಿಂದ ನೊಗವನ್ನು ಇಳಿಸಿದ್ದೇವೆ. ಕೂಲಿಯವರನ್ನು ಹೊಲಕ್ಕೆ ಕರೆಯುವದಿಲ್ಲ. ಆದರೆ ನಮ್ಮ ಮನೆಗಳ ತಾಯಂದಿರಿಗೆ ವಾರದಲ್ಲೆಲ್ಲಾ ಭಾರವಾದ ದಿವಸ ಅದೇ. ಮಕ್ಕಳಿಗೆ ಎಣ್ಣೆ ನೀರು, ಎಲ್ಲರಿಗೂ ಮಡಿಬಟ್ಟೆ, ಆರಾಧನೆಗೆ ಮುಂಚೆ ಒಂದು ಅಡಿಗೆ, ಆರಾಧನೆಯ ತರುವಾಯ ಬೇರೆ ಊರಿನಿಂದ ಬಂದವರಿಗೆ ಇನ್ನೊಂದು ಅಡಿಗೆ. ಪ್ರಸಂಗದ ಹೊತ್ತಿನಲ್ಲಿ ಅವಳ ಕಣ್ಣು ಮುಚ್ಚುವದನ್ನು ನೋಡಿ ಭಕ್ತಿ ಸಾಲದೆಂದು ತಿಳಿಯುವವರಿದ್ದಾರೆ. ಬರುವ ಅತಿಥಿಗಳು ಬೋಧಕರೇ ಆಗಿದ್ದರೆ ಅವರಿಗೆ ನಮ್ಮ ವಿಜ್ಞಾಪನೆ ಏನಂದರೆ: ಒಂದು ಸಾರು ಅನ್ನಕ್ಕೆ ತೃಪ್ತರಾಗಿರ್ರಿ, ಅದನ್ನು ಬಾಯಿಬಿಟ್ಟು ಹೇಳಿರಿ. ನೀವು ಹೇಳದೆ ಅವಳು ಕೋಳಿಯನ್ನು ಬಿಡಳು.

ಇಲ್ಲಿ ಸ್ತ್ರೀಯರಿಗೂ ಒಂದು ಮಾತು ಹೇಳಬೇಕು. ಇದು ಕೇಳಲಿಕ್ಕೆ ಹಿತವಾದದ್ದಲ್ಲ. ನನ್ನಿಂದಲೇ ಮನೆ ನಡೆಯುತ್ತದೆಂಬ ಒಂದು ಗರ್ವವು ದಣಿವಿನ ಒಳಗೆ ಅಡಗಿರಬಹುದು. ಮಗನು ಕೊಡ ಎತ್ತಿಕೊಂಡರೆ ಚೆಲ್ಲುತ್ತೀ ಎಂದು ಕಸಿದುಕೊಳ್ಳುವಳು. ಗಂಡನು ಒಲೆಯ ಬಳಿಗೆ ಬಂದರೆ ಜನರು ಏನಂದಾರೆಂದು ಹಿಂದಕ್ಕೆ ನೂಕುವಳು. ನಾದಿನಿಯು ತಟ್ಟಿದ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ತೂತು ತೋರಿಸುವಳು. ಆ ಮೇಲೆ ನನಗೆ ಸಹಾಯ ಮಾಡುವವರಿಲ್ಲವೆಂದು ಅಳುವಳು. ಕಷ್ಟಪಡುವದರಲ್ಲಿ ಒಂದು ರುಚಿಯುಂಟು, ಯಾಕಂದರೆ ಕಷ್ಟಪಡುವವಳನ್ನು ನಾಲ್ಕು ಮಂದಿ ಹೊಗಳುತ್ತಾರೆ. ಆ ಹೊಗಳಿಕೆಯೇ ಕೆಲವರಿಗೆ ಸಿಕ್ಕಿರುವ ಏಕಮಾತ್ರ ಕೂಲಿಯಾಗಿರುವದರಿಂದ ಅದನ್ನು ಬಿಡು ಎನ್ನುವದಕ್ಕೆ ನಮಗೆ ಬಹಳ ಧೈರ್ಯವಿಲ್ಲ. ಆದರೆ ತೂತು ಬಿದ್ದ ರೊಟ್ಟಿಯೂ ಹೊಟ್ಟೆಗೆ ಹೋಗುತ್ತದೆ.

ಗಂಡಸರು ಹೇಳುವ ಮಾತನ್ನೂ ಕೇಳಬೇಕು. ಗಣಿಯಲ್ಲಿ, ಲಾರಿಯ ಮೇಲೆ, ಕಬ್ಬಿನ ಗದ್ದೆಯಲ್ಲಿ ನಾವೂ ಮೈಮುರಿಯುತ್ತೇವೆ, ಮನೆಗೆ ಬಂದು ಮತ್ತೆ ಕಸ ಹೊಡೆಯಬೇಕೋ ಎಂದು ಅವರು ಕೇಳುತ್ತಾರೆ. ಬಳ್ಳಾರಿ ಸೀಮೆಯ ಮೇ ತಿಂಗಳಿನ ಬಿಸಿಲಿನಲ್ಲಿ ದುಡಿದವನ ದಣಿವನ್ನು ಹಗುರವಾಗಿ ಎಣಿಸುವವರು ನಾವಲ್ಲ. ಇಬ್ಬರೂ ದಣಿದಿರುವಾಗ ಕೆಲಸವು ಯಾರದೆಂದರೆ, ಇಬ್ಬರದೂ ಹೌದು. ಆದರೆ ಗಂಡಸಿನ ಕೆಲಸಕ್ಕೆ ಸಾಯಂಕಾಲವೆಂಬದೊಂದಿದೆ, ಹೆಂಗಸಿನ ಕೆಲಸಕ್ಕೆ ಇಲ್ಲ. ಅವನು ಕಟ್ಟೆಯ ಮೇಲೆ ಕೂತು ಕಳೆಯುವ ಒಂದು ತಾಸಿನಲ್ಲಿ ಅರ್ಧ ತಾಸನ್ನು ನೀರಿಗೂ ಕಟ್ಟಿಗೆಗೂ ಕೊಟ್ಟರೆ ಅವಳಿಗೆ ಸಿಕ್ಕುವದು ಬರೇ ಅರ್ಧ ತಾಸಿನ ನಿದ್ದೆಯಲ್ಲ. ತಾನು ಹೇಳಿದ್ದನ್ನು ಒಬ್ಬರು ನಂಬಿದರೆಂಬ ಸಮಾಧಾನವು. 2023ರಲ್ಲಿ ಕರ್ನಾಟಕ ಸರಕಾರದವರು ಗೃಹಲಕ್ಷ್ಮಿ ಎಂಬ ಯೋಜನೆಯನ್ನು ಆರಂಭಿಸಿ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡಲು ಗೊತ್ತುಮಾಡಿದರು. ಮನೆಯ ಹೆಂಗಸಿನ ಹೆಸರಿಗೇ ಹಣ ಬಂದದ್ದು ಒಳ್ಳೇದೇ. ಅದರಲ್ಲಿ ಒಂದು ಲೀಟರು ಹಾಲಾದರೂ, ಎರಡು ತತ್ತಿಗಳಾದರೂ ಅವಳ ಸ್ವಂತ ಬಾಯಿಗೆ ಬಿದ್ದವೋ ಎಂಬದನ್ನು ಅವಳೇ ಬಲ್ಲಳು.

ಸಣ್ಣಪುಟ್ಟ ವ್ಯಾಧಿಗಳ ವಿಷಯವಾಗಿ ಒಂದೆರಡು ಮಾತು. ನೆಗಡಿ, ಮೈಕೈನೋವು, ತಲೆಶೂಲೆ ಇವು ಬಂದಾಗ ನಮ್ಮವರು ಎರಡು ಬಾಗಿಲುಗಳಿಗೆ ಹೋಗುತ್ತಾರೆ. ಒಂದು ಕಿರಾಣಿ ಅಂಗಡಿ. ಅಲ್ಲಿ ನೋವಿನ ಗುಳಿಗೆಯನ್ನು ಬಿಡಿಯಾಗಿ ಕೊಳ್ಳುವರು. ಅಂಥಾ ಗುಳಿಗೆಗಳಲ್ಲಿ ಹಲವನ್ನು ಬರೀ ಹೊಟ್ಟೆಯಲ್ಲಿ ದಿನಾಲು ನುಂಗುತ್ತಾ ಬಂದರೆ ಹೊಟ್ಟೆಯೊಳಗೆ ಹುಣ್ಣಾಗಿ ಕಾಣದಂತೆ ರಕ್ತ ಜಿನುಗುವದು; ಮೊದಲೇ ರಕ್ತ ಸಾಲದವಳಿಗೆ ಇದು ಎರಡನೆಯ ಪೆಟ್ಟು. ಇನ್ನೊಂದು ಬಾಗಿಲು ಬಾಟಲಿ ಹಚ್ಚುವವನದು. ಸುಸ್ತಾಯಿತೆಂದರೆ ಒಂದು ಗ್ಲೂಕೋಸ್ ಹಚ್ಚಿಸಿಕೊಂಡು ಬಂದೆನೆಂದು ಹೇಳುವದು ಈಗ ಊರೂರಿನ ಮಾತು. ಆ ಅರ್ಧ ಲೀಟರಿನ ಬಾಟಲಿಯಲ್ಲಿ ನೂರಕ್ಕೆ ಐದು ಪಾಲು ಸಕ್ಕರೆ ಇದ್ದರೆ ಒಟ್ಟಿಗೆ 25 ಗ್ರಾಂ ಆಯಿತು, ಅಂದರೆ ಐದಾರು ಚಮಚ. ನೂರಾರು ರೂಪಾಯಿ ತೆತ್ತು ಮೈಗೆ ಏರಿಸಿಕೊಂಡದ್ದು ಎರಡು ಲೋಟ ಪಾನಕದಷ್ಟು! ವಾಂತಿಭೇದಿಯಾಗಿ ನೀರು ಕುಡಿಯಲಾರದವರಿಗೆ ಬಾಟಲಿಯು ಪ್ರಾಣ ಉಳಿಸುವದು ನಿಜವೇ. ಆದರೆ ರಕ್ತಹೀನತೆಗೆ ಅದು ಔಷಧವಲ್ಲ. ಆ ಬಾಟಲಿಯಿಂದ ಏನಾದರೂ ಗುಣ ಕಂಡಿದ್ದರೆ, ಅವಳು ಎರಡು ತಾಸು ಯಾರ ಕಾಟವೂ ಇಲ್ಲದೆ ಮಂಚದ ಮೇಲೆ ಮಲಗಿದ್ದೇ ಅದರ ಕಾರಣವಿರಬೇಕೆಂದು ನಮಗೆ ತೋರುತ್ತದೆ.

ಸರಿಯಾದ ಔಷಧವು ಇದಕ್ಕಿಂತ ಅಗ್ಗ. ಸರಕಾರದ ಉಪಕೇಂದ್ರಗಳಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಬೆರಳನ್ನು ಚುಚ್ಚಿ ಒಂದು ಹನಿ ರಕ್ತವನ್ನು ನೋಡಿ ಹೇಳುತ್ತಾರೆ. ಬಸುರಿಯಲ್ಲದ ಸ್ತ್ರೀಗೆ 12, ಬಸುರಿಗೆ 11 ಇರತಕ್ಕದ್ದು; 7ಕ್ಕಿಂತ ಕೆಳಗೆ ಇಳಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಗುಳಿಗೆಗಳನ್ನು ಧರ್ಮಕ್ಕೆ ಕೊಡುತ್ತಾರೆ. ಬಸುರಿಗೆ 180 ದಿವಸ, ಹೆತ್ತ ಮೇಲೆ ಇನ್ನೂ 180 ದಿವಸ. ಈ ಗುಳಿಗೆಯನ್ನು ತಂದು ಗೂಡಿನಲ್ಲಿಟ್ಟು ಮರೆಯುವವರು ಬಹಳ. ಅದನ್ನು ನುಂಗಿದರೆ ಮಲವು ಕಪ್ಪಾಗುವದು, ಕೆಲವರಿಗೆ ಓಕರಿಕೆಯೂ ಮಲಬದ್ಧತೆಯೂ ಆಗುವವು. ಇದರಿಂದ ಹೆದರಿ ಬಿಡುತ್ತಾರೆ. ಕಪ್ಪಾಗುವದು ಕೇಡಿನ ಗುರುತಲ್ಲ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ಲಿಂಬೆಹಣ್ಣಿನ ನೀರಿನೊಂದಿಗೆ ನುಂಗಿದರೆ ಓಕರಿಕೆಯು ಕಡಿಮೆಯಾದೀತು. ಹಾಲಿನೊಂದಿಗೂ ಚಹದೊಂದಿಗೂ ನುಂಗಬಾರದು. ಒಂದು ವಾರದಲ್ಲಿ ಗುಣ ಕಾಣಲಿಲ್ಲವೆಂದು ನಿಲ್ಲಿಸಬಾರದು. ಸವೆದ ಮೊಳೆಯು ತಿರುಗಿ ತುಂಬಿಕೊಳ್ಳಲಿಕ್ಕೆ ತಿಂಗಳುಗಳು ಹಿಡಿಯುತ್ತವೆ. ನುಗ್ಗೆಯ ಸೊಪ್ಪು, ಹುರುಳಿ, ಅಲಸಂದಿ, ಸಜ್ಜೆ ಇವುಗಳು ಗುಳಿಗೆಗೆ ಬದಲಾಗಲಾರವು, ಜೊತೆಯಾಗಬಲ್ಲವು.

ಎಲ್ಲಾ ದಣಿವೂ ರಕ್ತಹೀನತೆಯಲ್ಲವೆಂಬದನ್ನು ಸಹ ಮರೆಯಬಾರದು. ಎರಡು ವಾರ ಬಿಡದ ಕೆಮ್ಮು, ಸಾಯಂಕಾಲದ ಸಣ್ಣ ಜ್ವರ, ಮೈ ಇಳಿಯುವದು ಇವು ಕ್ಷಯದ ಗುರುತುಗಳಾಗಿರಬಹುದು. ಕಫದ ಪರೀಕ್ಷೆಯೂ ಚಿಕಿತ್ಸೆಯೂ ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಕ್ಕೆ ಆಗುತ್ತವೆ. ದಾಹವೂ ಪದೇ ಪದೇ ಮೂತ್ರಕ್ಕೆ ಹೋಗುವದೂ ಕೂಡಿದರೆ ಸಕ್ಕರೆ ರೋಗವಿರಬಹುದು. ಬೆಳಗಾದರೆ ಅಳು ಬರುವದು, ಕೂಸಿನ ಮುಖವನ್ನು ನೋಡಲಿಕ್ಕೂ ಮನಸ್ಸಿಲ್ಲದಿರುವದು, ಇದೂ ಒಂದು ವ್ಯಾಧಿಯೇ. ದೆವ್ವವಲ್ಲ, ಅವಿಶ್ವಾಸವೂ ಅಲ್ಲ. ಇದನ್ನು ವೈದ್ಯರ ಮುಂದೆ ಹೇಳುವದರಲ್ಲಿ ಅವಮಾನವಿಲ್ಲ.

ದಿನಗೂಲಿಯವಳ ವಿಷಯ ಉಳಿಯಿತು. ಮಲಗು ಎಂದು ನಾವು ಸುಲಭವಾಗಿ ಬರೆಯುತ್ತೇವೆ. ಮಲಗಿದ ದಿವಸ ಅವಳ ಒಲೆ ಹೊತ್ತುವದಿಲ್ಲ. ಅವಳಿಗೆ ಉಪದೇಶ ಮಾಡುವ ಅಧಿಕಾರವು ನಮಗಿಲ್ಲ. ಇಂಥಾ ಮನೆಯು ನಮ್ಮ ಕೇರಿಯಲ್ಲಿ ಯಾವದೆಂದು ನಮಗೆಲ್ಲಾ ತಿಳಿದೇ ಇದೆ. ಸ್ತ್ರೀಯರ ಕೂಟಗಳಲ್ಲಿ ಹಬ್ಬಕ್ಕೆಂದು ಹಿಡಿ ಅಕ್ಕಿ ಕೂಡಿಸುವ ಪದ್ಧತಿ ಇದ್ದಲ್ಲಿ ಅದರಲ್ಲಿ ಒಂದು ಪಾಲನ್ನು ಇದಕ್ಕೆ ಇಡಬಹುದು. ಅಕ್ಕಿಗಿಂತ ಸಹಾಯವಾದದ್ದು ಆ ದಿವಸ ಅವಳ ಎರಡು ಕೊಡ ನೀರನ್ನು ಬೇರೊಬ್ಬಳು ತರುವದು. ಇದಕ್ಕೆ ಸಭೆಯ ಠರಾವು ಬೇಕಾಗಿಲ್ಲ.

ಇಷ್ಟೆಲ್ಲಾ ಸೊಸೆಯ ಪಕ್ಷವಾಗಿ ಹೇಳಿದಂತಾಯಿತು. ಅತ್ತೆಯ ರಕ್ತವನ್ನು ಯಾರು ನೋಡಿದರು? ಐವತ್ತು ದಾಟಿದವಳು ಬಸುರಿಯರ ಪಟ್ಟಿಯಲ್ಲಿಯೂ ಇಲ್ಲ, ಹುಡುಗಿಯರ ಪಟ್ಟಿಯಲ್ಲಿಯೂ ಇಲ್ಲ. ಕಡೆಗೆ ಉಣ್ಣುವ ಅಭ್ಯಾಸವನ್ನು ಮೂವತ್ತು ವರುಷ ನಡಿಸಿ ಬಂದವಳು. ಮುಂದಿನ ಸಾರಿ ಆಶಾ ಕಾರ್ಯಕರ್ತೆಯು ಬಾಗಿಲಿಗೆ ಬಂದು ಸೊಸೆಯನ್ನು ಉಪಕೇಂದ್ರಕ್ಕೆ ಕರೆದಾಗ ಅತ್ತೆಯೂ ಸೆರಗು ಹೊದ್ದುಕೊಂಡು ಜೊತೆಗೆ ಹೋಗಲಿ, ತನ್ನ ಬೆರಳನ್ನೂ ಚಾಚಲಿ. ಆ ಹೊತ್ತಿನಲ್ಲಿ ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳುವದಕ್ಕೆ ಹೊಸ್ತಿಲಲ್ಲಿ ನಿಂತವನು ಇದ್ದೇ ಇದ್ದಾನೆ.